ಸೊಲ್ಲಾಪುರದ ಕೋಟೆಯ ನೆರೆ: ಕೆರೆ, ಕಂದಕ, ಉದ್ಯಾನ

ಸೊಲ್ಲಾಪುರದಲ್ಲಿ ‘ಪಾರ್ಕ್’ ಎಂದರೆ ಒಂದು ತೋಟದ ಹೆಸರಷ್ಟೇ ಅಲ್ಲ. ಅದೊಂದು ನೆರೆಯ ಹೆಸರು. ಪಾರ್ಕ್ ಚೌಕ, ಪಾರ್ಕ್ ಮೈದಾನ ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಕನ್ನಡದ ನಡುವೆ ಕನ್ನಡವೇ ಎಂಬಂತೆ ಸೇರಿಹೋಗಿವೆ. ಮೈದಾನಕ್ಕೆ ಇಂದಿರಾ ಗಾಂಧಿ ಕ್ರೀಡಾಂಗಣವೆಂಬ ಹೆಸರು ಬಂದ ಮೇಲೂ ಹಳೆಯ ಹೆಸರು ಜನರ ಬಾಯಿಂದ ಹೋಗಿಲ್ಲ. ಈ ನೆರೆಯಲ್ಲಿ ಒಂದರ ಪಕ್ಕಕ್ಕೊಂದರಂತೆ ಕೋಟೆಯಿದೆ, ಸಿದ್ಧೇಶ್ವರ ಕೆರೆಯಿದೆ, ಜಾತ್ರೆ ಕೂಡುವ ಹೋಮ್ ಮೈದಾನವಿದೆ, ಹುತಾತ್ಮ ಬಾಗ್ ಎಂಬ ಸಾರ್ವಜನಿಕ ಉದ್ಯಾನವಿದೆ. ಸಂಜೆಯ ವೇಳೆ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗದ ಕನ್ನಡ ಮನೆತನ ನಮ್ಮ ಊರಿನಲ್ಲಿ ವಿರಳ. ಆದರೆ ಆ ಮಕ್ಕಳು ಆಡುವ ನೆಲದ ಚರಿತ್ರೆಯನ್ನು ಕನ್ನಡದಲ್ಲಿ ಒಂದೆಡೆ ಕೂಡಿಸಿ ಅವರ ಕೈಗೆ ಕೊಡುವ ಕಾರ್ಯ ಸಾಕಷ್ಟು ನಡೆದಿಲ್ಲ. ಈ ಸ್ಮರಣ ಸಂಚಿಕೆಯ ಕೆಲವು ಪುಟಗಳನ್ನು ನಾವು ಅದಕ್ಕಾಗಿ ಬಳಸಿಕೊಂಡಿದ್ದೇವೆ.

ಮೊದಲು ಬಂದುದು ಕೋಟೆಯಲ್ಲ, ಕೆರೆ. ಹನ್ನೆರಡನೆಯ ಶತಮಾನದಲ್ಲಿ ಈ ಊರಿಗೆ ಸೊನ್ನಲಿಗೆ ಎಂದು ಹೆಸರು. ಶರಣ ಸಿದ್ಧರಾಮನು ಇಲ್ಲಿಯವನು. ದನ ಕಾಯುವ ಹುಡುಗನಾಗಿ ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲದವರೆಗೆ ಹೋಗಿ, ಮರಳಿ ತನ್ನ ಊರಿಗೇ ಬಂದು, ಕೆರೆ ಕಟ್ಟಿಸಿದ, ದೇಗುಲ ಕಟ್ಟಿಸಿದ, ಊರಿನ ಸುತ್ತ ಅರುವತ್ತೆಂಟು ಲಿಂಗಗಳನ್ನು ಸ್ಥಾಪಿಸಿದ. ಹದಿಮೂರನೆಯ ಶತಮಾನದ ರಾಘವಾಂಕ ಕವಿಯು ‘ಸಿದ್ಧರಾಮ ಚಾರಿತ್ರ’ವನ್ನು ಬರೆದುದು ಈ ಸಂತನ ಬಾಳನ್ನು ಕುರಿತು. ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಸಿದ್ಧರಾಮನ ಸಾವಿರಕ್ಕೂ ಮಿಕ್ಕಿದ ವಚನಗಳು ನಮಗೆ ಉಳಿದಿವೆ.

ಕೆರೆಯ ಕೆಲಸ ನಡೆಯುತ್ತಿದ್ದಾಗ ಅಲ್ಲಮಪ್ರಭು ಸೊನ್ನಲಿಗೆಗೆ ಬಂದ ಪ್ರಸಂಗ ‘ಶೂನ್ಯಸಂಪಾದನೆ’ಯಲ್ಲಿ ಬರುತ್ತದೆ. ಮಣ್ಣು ಹೊರುವವರ ನಡುವೆ ನಿಂತು ಪ್ರಭುವು ಸಿದ್ಧರಾಮನನ್ನು ‘ಒಡ್ಡ’ನೆಂದು ಕರೆದನಂತೆ. ಕೆಲಸಗಾರರು ಸಿಟ್ಟಿಗೆದ್ದು ಕಲ್ಲೆಸೆದರಂತೆ. ಹೊರಗಿನ ಕೆರೆಯಲ್ಲಿ ತೊಡಗಿದವನು ಒಳಗಿನ ಕೆರೆಯನ್ನು ಮರೆತಿದ್ದಾನೆಂಬುದು ಪ್ರಭುವಿನ ಆಕ್ಷೇಪ. ಕೊನೆಗೆ ಸಿದ್ಧರಾಮನು ಪ್ರಭುವಿನೊಡನೆ ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನಿಂದ ದೀಕ್ಷೆ ಪಡೆದನೆಂದು ಪರಂಪರೆ ಹೇಳುತ್ತದೆ. ತತ್ತ್ವದ ಮಾತಿನಲ್ಲಿ ಪ್ರಭುವೇ ಗೆದ್ದನೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸೊಲ್ಲಾಪುರದ ಬಿಸಿಲನ್ನು ಬಲ್ಲ ನಮ್ಮಂಥವರಿಗೆ ಆ ಒಡ್ಡನ ಪಕ್ಷ ವಹಿಸದೆ ಗತ್ಯಂತರವಿಲ್ಲ. ಮಳೆ ಕಡಿಮೆಯಾದ ಬಯಲು ಸೀಮೆಯಲ್ಲಿ ಕೆರೆ ಕಟ್ಟುವುದಕ್ಕಿಂತ ಮಿಗಿಲಾದ ಲೋಕೋಪಕಾರ ಯಾವುದು? ಈ ನೆರೆಯಲ್ಲಿ ಎಲ್ಲರಿಗೂ ಸೇರಿದ, ಎಲ್ಲರ ದುಡಿಮೆಯಿಂದ ಆದ ಮೊದಲ ಸಾರ್ವಜನಿಕ ವಸ್ತು ಈ ಕೆರೆಯೆಂದೇ ನಾವು ತಿಳಿಯುತ್ತೇವೆ. ಕಲ್ಯಾಣದಿಂದ ಹಿಂದಿರುಗಿದ ಸಿದ್ಧರಾಮನು ಇಲ್ಲಿಯೇ ಸಮಾಧಿಸ್ಥನಾದನೆಂಬುದು ನಂಬಿಕೆ. ಸುತ್ತಲೂ ನೀರಿರುವ ನಡುಗಡ್ಡೆಯ ಮೇಲಿನ ಇಂದಿನ ಸಿದ್ಧೇಶ್ವರ ಗುಡಿಯಲ್ಲಿ ಆ ಸಮಾಧಿಗೆ ಪೂಜೆ ಸಲ್ಲುತ್ತದೆ.

ಆ ಬಳಿಕ ಈ ನೆಲ ಜನರ ಕೈತಪ್ಪಿ ದೊರೆಗಳ ಕೈಗೆ ಹೋಯಿತು. ಹದಿನಾಲ್ಕನೆಯ ಶತಮಾನದಲ್ಲಿ, ಬಹಮನಿಗಳ ಕಾಲಕ್ಕೆ, ಕೆರೆಯ ಪಶ್ಚಿಮ ದಂಡೆಯಲ್ಲಿ ಕೋಟೆಯ ಹೊರಗೋಡೆ ಎದ್ದಿತು. ಒಳಗೋಡೆಯೂ ದೊಡ್ಡ ಚೌಕಾಕಾರದ ಬುರುಜುಗಳೂ ಅನಂತರದ ಬಿಜಾಪುರದ ಆಳಿಕೆಯವು. ಬೆಟ್ಟದ ಆಸರೆಯಿಲ್ಲದೆ ಬಯಲಿನಲ್ಲಿ ಕಟ್ಟಿದ್ದರಿಂದ ಇದನ್ನು ಭುಯಿಕೋಟ, ಅಂದರೆ ನೆಲಗೋಟೆ, ಎನ್ನುತ್ತಾರೆ. ಕೋಟೆಯ ಉದ್ದ ಸುಮಾರು 230 ಗಜ, ಅಗಲ ಸುಮಾರು 176 ಗಜ. ಹತ್ತು ಗಜದ ಅಂತರದಲ್ಲಿ ಎರಡು ಸುತ್ತಿನ ಗೋಡೆ. ಹೊರಗೋಡೆಗೆ ನಾಲ್ಕು ಮೂಲೆಯ ಬುರುಜುಗಳಲ್ಲದೆ ಪಕ್ಕದ ಬುರುಜುಗಳು 23. ಮೂರು ದಿಕ್ಕಿಗೆ ನೀರು ತುಂಬಿದ ಅಗಲವಾದ ಕಂದಕ. ಪೂರ್ವ ದಿಕ್ಕಿಗೆ ಕಂದಕ ತೋಡುವ ಪ್ರಯಾಸವೇ ಬೀಳಲಿಲ್ಲ, ಸಿದ್ಧರಾಮನ ಕೆರೆಯೇ ಅಲ್ಲಿ ಕಂದಕದ ಕೆಲಸ ಮಾಡಿತು. ಕುಡಿಯಲೆಂದು ಕೂಡಿಸಿದ ನೀರು ವೈರಿಯನ್ನು ತಡೆಯಲು ಬಳಕೆಯಾಯಿತು.

ಗೋಡೆಯ ಕಲ್ಲುಗಳನ್ನು ನೋಡುತ್ತ ನಡೆದರೆ ಅಲ್ಲಲ್ಲಿ ಹಳೆಯ ದೇವಾಲಯಗಳ ಕೆತ್ತನೆಯ ತುಂಡುಗಳು ಕಾಣುತ್ತವೆ. ಕೋಟೆಯೊಳಗೆ ಇಪ್ಪತ್ತನೆಯ ಶತಮಾನದ ಅಗೆತದಲ್ಲಿ ಪ್ರಾಚೀನ ದೇಗುಲವೊಂದರ ಅವಶೇಷ ಬೆಳಕಿಗೆ ಬಂದಿದೆ. ಸಿದ್ಧರಾಮನು ಕಟ್ಟಿಸಿದ ಕಪಿಲಸಿದ್ಧ ಮಲ್ಲಿಕಾರ್ಜುನನ ಗುಡಿ ಇದೇ ಎಂದೂ, ಕೋಟೆಯಾದಾಗ ದೇವರು ಊರೊಳಗಿನ ಮಲ್ಲಿಕಾರ್ಜುನ ಗುಡಿಗೆ ಹೋದನೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ.

ಕೋಟೆಯಾದ ಮೇಲಿನ ನಾಲ್ಕೈದು ಶತಮಾನಗಳ ಕಥೆ ಬಹುಮಟ್ಟಿಗೆ ಜಗಳದ ಕಥೆ. ಅದರಲ್ಲಿಯೂ ಒಂದು ವಿಚಿತ್ರವಿದೆ: ಸೊಲ್ಲಾಪುರವು ಎರಡು ಬಾರಿ ಮದುವೆಯ ಉಡುಗೊರೆಯಾಯಿತು. ಬಿಜಾಪುರದ ಇಸ್ಮಾಯಿಲ್ ಆದಿಲಶಾಹನ ತಂಗಿ ಮರಿಯಮ್ಮಳನ್ನು 1524ರ ಸುಮಾರಿಗೆ ಅಹಮದನಗರದ ಬುರ‍್ಹಾನ್ ನಿಜಾಮಶಾಹನಿಗೆ ಕೊಟ್ಟಾಗ ಸೊಲ್ಲಾಪುರದ ಕೋಟೆಯನ್ನೂ ಕೊಡುವ ಮಾತಾಗಿತ್ತೆಂದು ನಿಜಾಮಶಾಹಿಯವರ ವಾದ. ಹೆಣ್ಣು ಹೋಯಿತು, ಕೋಟೆ ಹೋಗಲಿಲ್ಲ. ಆ ಕಾರಣಕ್ಕೆ ಎರಡು ಮನೆತನಗಳೂ ನಲವತ್ತು ವರ್ಷ ಕಾದಾಡಿದವು, ನಡುವೆ ವಿಜಯನಗರದ ರಾಮರಾಯನೂ ಆಗೊಮ್ಮೆ ಈ ಕಡೆ ಈಗೊಮ್ಮೆ ಆ ಕಡೆ ನಿಂತ. ಕಡೆಗೆ ತಾಳಿಕೋಟೆಯ ಯುದ್ಧಕ್ಕೆ ಮುನ್ನ ಸುಲ್ತಾನರು ಒಂದಾಗಬೇಕಾಗಿ ಬಂದಾಗ, ಹುಸೇನ್ ನಿಜಾಮಶಾಹನು ತನ್ನ ಮಗಳು ಚಾಂದಬೀಬಿಯನ್ನು ಅಲಿ ಆದಿಲಶಾಹನಿಗೆ ಮದುವೆ ಮಾಡಿಕೊಟ್ಟು ಸೊಲ್ಲಾಪುರವನ್ನು ಬಳುವಳಿಯಾಗಿ ಬಿಟ್ಟುಕೊಟ್ಟ. 1565ರ ಜನವರಿಯಲ್ಲಿ ವಿಜಯನಗರಕ್ಕೆ ಬಿದ್ದ ಪೆಟ್ಟಿನ ಪೀಠಿಕೆಯಲ್ಲಿ ನಮ್ಮ ಊರಿನ ಹೆಸರಿದೆ ಎಂಬುದನ್ನು ಹಂಪಿಗೆ ಹೋಗಿ ಮರುಗುವ ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. ಕೋಟೆಯೇನೋ ಎರಡು ಮದುವೆ ಕಂಡಿತು; ಕೋಟೆಯ ಹೊರಗೆ ಪೇಟೆಯಲ್ಲಿದ್ದವರು ಎರಡೂ ಕಡೆಯ ದಂಡಿಗೆ ದವಸ ಒದಗಿಸಿ ದಣಿದಿರಬೇಕು.

ಆ ಮೇಲಿನದನ್ನು ಬೇಗ ಹೇಳಿ ಮುಗಿಸಬಹುದು. 1668ರ ಒಪ್ಪಂದದಂತೆ ಸೊಲ್ಲಾಪುರ ಮೊಗಲರ ಪಾಲಾಯಿತು. 1685ರಲ್ಲಿ ಔರಂಗಜೇಬನು ಬಿಜಾಪುರದ ಮೇಲೆ ಏರಿಹೋಗುವ ಮುನ್ನ ಇಲ್ಲಿ ಬೀಡು ಬಿಟ್ಟಿದ್ದ. ಹದಿನೆಂಟನೆಯ ಶತಮಾನದಲ್ಲಿ ನಿಜಾಮನ ಕೈ, 1795ರ ಖರ್ಡಾ ಯುದ್ಧದ ತರುವಾಯ ಮರಾಠರ ಕೈ. 1818ರಲ್ಲಿ ಪೇಶ್ವೆಯ ಆಳಿಕೆ ಕುಸಿಯುತ್ತಿದ್ದಾಗ ಕೋಟೆಯ ಮೇಲೆ ಬಂದವನು ಥಾಮಸ್ ಮನ್ರೊ. ಧಾರವಾಡದ ಕಡೆಯಿಂದ ಹೊರಟು, ಬಾದಾಮಿಯನ್ನೂ ಬೆಳಗಾವಿಯನ್ನೂ ಹಿಡಿದುಕೊಂಡು ಆತ ಮೇ ತಿಂಗಳಲ್ಲಿ ಸೊಲ್ಲಾಪುರವನ್ನು ಮುಟ್ಟಿದ. ಮೊದಲು ಏಣಿ ಹಾಕಿ ಪೇಟೆಯ ಗೋಡೆ ಹತ್ತಿದರು, ಹೊರಗೆ ಬೀಡು ಬಿಟ್ಟಿದ್ದ ಪೇಶ್ವೆಯ ದಂಡು ಚದುರಿತು, ಕೆಲವು ದಿನಗಳಲ್ಲಿ ಕೋಟೆಯೂ ಶರಣಾಯಿತು. ಈ ಕೋಟೆ ಕಂಡ ಕೊನೆಯ ಯುದ್ಧ ಅದೇ.

ಯುದ್ಧ ಮುಗಿದ ಮೇಲೆ ಗೋಡೆಗಳಿಗೆ ಕೆಲಸವಿಲ್ಲವಾಯಿತು. 1838ರಲ್ಲಿ ಸೊಲ್ಲಾಪುರ ಒಂದು ಜಿಲ್ಲೆಯ ಮುಖ್ಯ ಸ್ಥಳವಾಯಿತು. ನಡುವೆ ಐದು ವರ್ಷ ಆ ಜಿಲ್ಲೆಯನ್ನು ಒಡೆದು 1869ರಲ್ಲಿ ಮತ್ತೆ ಕಟ್ಟಿದರು. 1852ರಲ್ಲಿ ಪುರಸಭೆ ಬಂದಿತು, 1860ರಲ್ಲಿ ಮುಂಬಯಿಯ ಕಡೆಯಿಂದ ರೈಲು ಬಂದಿತು. ರೈಲಿನ ಹಿಂದೆ ಹತ್ತಿ, ಹತ್ತಿಯ ಹಿಂದೆ ಗಿರಣಿ. 1870ರ ದಶಕದಲ್ಲಿ ಎದ್ದ ಮೊದಲ ನೂಲಿನ ಗಿರಣಿಯನ್ನು ಜನ ಮುಂದೆ ‘ಜುನೀ ಮಿಲ್’ ಎಂದೇ ಕರೆದರು. ಕನ್ನಡ ನಾಡಿನ ಹಳ್ಳಿಗಳಿಂದ, ತೆಲುಗು ನೇಕಾರರ ಊರುಗಳಿಂದ, ಮರಾಠಿ ತಾಲೂಕುಗಳಿಂದ ದುಡಿಮೆಗಾರರು ಬಂದು ತುಂಬಿದರು. ಹೀಗೆ ಬೆಳೆದ ಊರಿಗೆ ಜಾಗ ಸಾಲದೆ 1872ರ ಸುಮಾರಿಗೆ ಪುರಸಭೆಯವರು ಪೇಟೆಯ ಪೂರ್ವದ ಗೋಡೆಯನ್ನೂ ಬೇರೆ ಕೆಲವು ಭಾಗಗಳನ್ನೂ ಕೆಡವಿಸಿದರು. ಗೋಡೆ ಹೋದರೂ ಬಾಗಿಲುಗಳ ಹೆಸರು ಉಳಿಯಿತು: ತುಳಜಾಪುರ ವೇಸ್, ಬಾಳಿವೇಸ್. ವಾರಗಳ ಹೆಸರಿನ ಪೇಟೆಗಳೂ ಹಾಗೆಯೇ. ಯಾವ ವಾರದ ಹೆಸರಿನ ಪೇಟೆಯಲ್ಲಿ ಇಂದು ಎಲ್ಲ ದಿನವೂ ಸಂತೆಯಲ್ಲವೆ? 1881ರ ಜನಗಣತಿಯ ವೇಳೆಗೆ ಅರುವತ್ತು ಸಾವಿರದಷ್ಟಿದ್ದ ಜನಸಂಖ್ಯೆ 2011ರಲ್ಲಿ ಒಂಬತ್ತೂವರೆ ಲಕ್ಷವಾಯಿತು. ಆ ನಡುವೆ ಊರನ್ನು ಬೆಳೆಸಿದ ಹಳೆಯ ದೊಡ್ಡ ಗಿರಣಿಗಳೇ ಒಂದೊಂದಾಗಿ ಮುಚ್ಚಿಹೋದವು.

ಊರು ಹೀಗೆ ಇಟ್ಟಣಿಸಿದಾಗಲೇ ಕೋಟೆಯ ಸುತ್ತಲಿನ ಬಯಲಿನ ಬೆಲೆ ತಿಳಿದುದು. ದಂಡುಗಳು ಬೀಡು ಬಿಡುತ್ತಿದ್ದ, ಫಿರಂಗಿಯ ದೃಷ್ಟಿಗೆ ಅಡ್ಡವಾಗದಿರಲೆಂದು ಮನೆ ಕಟ್ಟಗೊಡದೆ ತೆರವಾಗಿಟ್ಟ ನೆಲ ಅದು. ಎಲ್ಲ ನೆಲಗೋಟೆಗಳ ಸುತ್ತಲೂ ಇಂಥ ಬಯಲಿರುತ್ತದೆ. ಎಷ್ಟೋ ಊರುಗಳಲ್ಲಿ ಅಂಗಡಿ ಮಳಿಗೆಗಳು ಅದನ್ನು ನುಂಗಿಬಿಟ್ಟಿವೆ, ಕಂದಕಗಳು ಕಸದ ತಿಪ್ಪೆಗಳಾಗಿವೆ. ಸೊಲ್ಲಾಪುರದಲ್ಲಿ ಅದರ ಒಂದು ಪಾಲು ಆಟದ ಮೈದಾನವಾಗಿ, ಒಂದು ಪಾಲು ಜಾತ್ರೆಯ ಬಯಲಾಗಿ, ಒಂದು ಪಾಲು ಹೂದೋಟವಾಗಿ ಉಳಿದುದು ನಮ್ಮ ಪುಣ್ಯವೆನ್ನಬೇಕು. ದೊರೆಗಳು ಜನರನ್ನು ದೂರವಿಡಲು ಕಾಯ್ದಿರಿಸಿದ ನೆಲವೇ ಜನರು ಕೂಡುವ ನೆಲವಾಯಿತು. ಕೋಟೆಯು ಇಂದು ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ರಕ್ಷಣೆಯಲ್ಲಿದೆ.

ಇನ್ನು ಉದ್ಯಾನದ ಹೆಸರಿನ ಮಾತು. ಸೊಲ್ಲಾಪುರದ ಹೊರಗಿನಿಂದ ಬಂದ ನೆಂಟರು ‘ಹುತಾತ್ಮ ಬಾಗ್’ ಎಂಬ ಹೆಸರನ್ನು ಕೇಳಿ, ಇಷ್ಟು ಹಸುರಾದ ಜಾಗಕ್ಕೆ ಇಷ್ಟು ಕಠಿನವಾದ ಹೆಸರೇಕೆ ಎಂದು ಪ್ರಶ್ನಿಸುವುದುಂಟು. ಉತ್ತರಕ್ಕೆ 1930ಕ್ಕೆ ಹೋಗಬೇಕು.

ಆ ವರ್ಷ ಏಪ್ರಿಲ್ 6ರಂದು, ಗಾಂಧೀಜಿ ದಾಂಡಿಯಲ್ಲಿ ಉಪ್ಪು ಹಿಡಿದ ದಿನವೇ, ಸೊಲ್ಲಾಪುರದ ಪುರಸಭೆಯ ಕಟ್ಟಡದ ಮೇಲೆ ರಾಷ್ಟ್ರಧ್ವಜ ಏರಿತು. ಮೇ 5ರ ನಸುಕಿಗೆ ಮುಂಚೆ ಗಾಂಧೀಜಿಯ ಬಂಧನವಾಯಿತು. ಸುದ್ದಿ ಮುಟ್ಟುತ್ತಲೇ ಗಿರಣಿಗಳು ನಿಂತವು, ಅಂಗಡಿಗಳು ಮುಚ್ಚಿದವು, ಸಾವಿರಾರು ಜನ ಬೀದಿಗಿಳಿದರು. ಮೇ 8ರಂದು ರೂಪಾಭವಾನಿಯ ಗುಡಿಯ ಕಡೆಗೆ ಈಚಲು ಮರಗಳನ್ನು ಕಡಿಯಲು ಹೋದವರ ಮೇಲೆ ಪೊಲೀಸರು ಕೈಮಾಡಿದರು, ಗುಂಡು ಹಾರಿತು, ಜನ ಸತ್ತರು. ಸೇಂದಿಯ ಮರ ಕಡಿಯುವುದು ಆಗ ಸತ್ಯಾಗ್ರಹದ ಒಂದು ಬಗೆ, ಕುಡಿತದ ಸುಂಕದಿಂದ ಸರಕಾರಕ್ಕೆ ಬರುತ್ತಿದ್ದ ಹಣವನ್ನು ತಡೆಯುವುದು ಅದರ ಉದ್ದೇಶ. ರೊಚ್ಚಿಗೆದ್ದ ಗುಂಪು ಪೊಲೀಸ್ ಚೌಕಿಗಳಿಗೆ ಬೆಂಕಿಯಿಟ್ಟಿತು. ಮಂಗಳವಾರ ಪೇಟೆಯ ಠಾಣೆಯಲ್ಲಿ ಇಬ್ಬರು ಪೊಲೀಸರು ಕೊಲೆಯಾದರು. ಅಹಿಂಸೆಯ ಹೆಸರಿನಲ್ಲಿ ಹೊರಟ ಚಳವಳಿಯಲ್ಲಿ ಆ ಸಾವುಗಳೂ ಆದುವೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಆ ಇಬ್ಬರೂ ಯಾರದೋ ಮನೆಯ ಮಕ್ಕಳೇ ಆಗಿದ್ದರು.

ಆಮೇಲೆ ಮೂರು ದಿನ ಊರಿನಲ್ಲಿ ಸರಕಾರದ ಆಳಿಕೆ ಕಾಣಲಿಲ್ಲ. ಮೇ 9, 10, 11ರಂದು ಪೊಲೀಸರು ಹಿಂದೆ ಸರಿದಿದ್ದಾಗ ಕಾಂಗ್ರೆಸ್ಸಿನ ಸ್ವಯಂಸೇವಕರೇ ಊರಿನ ವ್ಯವಸ್ಥೆ ನೋಡಿಕೊಂಡರು. ಸೊಲ್ಲಾಪುರದವರು ಇಂದಿಗೂ, ದೇಶಕ್ಕೆ ಸ್ವಾತಂತ್ರ್ಯ ಬರುವ ಹದಿನೇಳು ವರ್ಷ ಮೊದಲೇ ತಮ್ಮ ಊರು ಸ್ವತಂತ್ರವಾಗಿತ್ತೆಂದು ಹೇಳಿಕೊಳ್ಳುವುದು ಈ ಮೂರು ದಿನಗಳನ್ನು ನೆನೆದು. ಮೇ 12ರಂದು ಸೈನಿಕ ಕಾನೂನು ಜಾರಿಯಾಯಿತು. ಸಿಪಾಯಿಗಳು ಬೀದಿ ಕಾದರು. ರಾಷ್ಟ್ರಧ್ವಜ ಹಿಡಿಯುವುದು ಅಪರಾಧವಾಯಿತು, ಗಾಂಧಿ ಟೋಪಿ ಹಾಕಿಕೊಂಡವರು ಹಿಂಸೆಗೊಳಗಾದರು. ಜೂನ್ 30ರವರೆಗೆ, ಏಳು ವಾರ, ನಮ್ಮ ಹಿರಿಯರು ಆ ಆಳಿಕೆಯಡಿಯಲ್ಲಿ ಕಾಲ ಕಳೆದರು.

ಪೊಲೀಸರ ಕೊಲೆಯ ಆರೋಪದ ಮೇಲೆ ನಾಲ್ವರಿಗೆ ಮರಣದಂಡನೆಯಾಯಿತು: ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್. ಈ ನಾಲ್ಕು ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು. ಒಂದು ನಮ್ಮ ಶೆಟ್ಟರ ಓಣಿಯ ಹೆಸರು, ಒಂದು ಮರಾಠಿ ಹೆಸರು, ಒಂದು ಮಾರವಾಡಿ ಹೆಸರು, ಒಂದು ಮುಸಲ್ಮಾನ ಹೆಸರು. ಸೊಲ್ಲಾಪುರದ ಯಾವ ಬೀದಿಯಲ್ಲಿ ನಿಂತು ಕೂಗಿದರೂ ಓಗೊಡುವ ಹೆಸರುಗಳು ಅವು. ತಮಗೆ ಸಂಬಂಧವಿಲ್ಲದ ಕೊಲೆಗೆ ತಮ್ಮನ್ನು ಸಿಕ್ಕಿಸಲಾಯಿತೆಂಬುದೇ ಊರಿನ ನಂಬಿಕೆ; ಚಳವಳಿಯ ಮುಂದಾಳುಗಳೆಂಬುದೇ ಅವರ ಮೇಲಿನ ನಿಜವಾದ ದೋಷಾರೋಪವೆಂದು ಜನ ತಿಳಿದರು. 1931ರ ಜನವರಿ 12ರಂದು ಪುಣೆಯ ಯರವಡಾ ಸೆರೆಮನೆಯಲ್ಲಿ ನಾಲ್ವರನ್ನೂ ಗಲ್ಲಿಗೇರಿಸಿದರು. ಉದ್ಯಾನಕ್ಕೆ ಹೆಸರು ಬಂದುದು ಅವರಿಂದ. ಆ ನೆರೆಯ ಚೌಕದಲ್ಲಿ ನಾಲ್ವರ ಪ್ರತಿಮೆಗಳಿವೆ. ಅವರ ಹೆಸರಿನ ಹುತಾತ್ಮ ಸ್ಮೃತಿ ಮಂದಿರದಲ್ಲಿ ನಾಟಕ ಸಭೆಗಳು ನಡೆಯುತ್ತವೆ.

ಇದೇ ಊರಿನಲ್ಲಿ ಕನ್ನಡದ ಗತಿ ಏನಾಯಿತೆಂದು ಓದುಗ ಬಂಧುಗಳು ಕೇಳಬಹುದು. 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲಿ ನಡೆಯಿತು. ಆರು ವರ್ಷಗಳ ಬಳಿಕ, 1956ರಲ್ಲಿ, ಭಾಷಾವಾರು ಪ್ರಾಂತಗಳಾದಾಗ ನಾವು ಗೆರೆಯ ಆಚೆ ಉಳಿದೆವು. ಸಮ್ಮೇಳನದ ಚಪ್ಪರದಡಿಯಲ್ಲಿ ಕುಳಿತಿದ್ದವರಿಗೆ ಆ ಗೆರೆ ಎಲ್ಲಿ ಬೀಳಲಿದೆಯೆಂದು ಆಗ ಯಾರು ಹೇಳಿದ್ದರು? ಆದರೂ ಮಾತು ನಿಲ್ಲಲಿಲ್ಲ. ಈ ಊರಿನಲ್ಲಿಯೇ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದರು. ಕೆರೆ ಕಟ್ಟಿಸಿದ ಸಂತನನ್ನು ಕುರಿತು ‘ಶ್ರೀ ಸಿದ್ಧರಾಮ ಪುರಾಣ’ವನ್ನು ತ್ರಿಪದಿಯಲ್ಲಿ ರಚಿಸಿದರು. 1974ರ ಮಂಡ್ಯ ಸಮ್ಮೇಳನದ ಅಧ್ಯಕ್ಷೆಯಾದರು. ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮಹಿಳೆಯೊಬ್ಬರು ಅಧ್ಯಕ್ಷರಾದುದು ಅದೇ ಮೊದಲು. ರಾಘವಾಂಕನು ಹಾಡಿದ ಬಾಳನ್ನು ಏಳು ಶತಮಾನಗಳ ಮೇಲೆ ಅದೇ ಊರಿನ ಹೆಣ್ಣುಮಗಳು ಮತ್ತೆ ಹಾಡಿದುದು ನಮಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ.

ಕೋಟೆಯ ನೆರೆಯನ್ನು ಕನ್ನಡಿಗರದೆಂದು ಬರೆಸಿಕೊಳ್ಳುವ ಆಸೆ ನಮಗಿಲ್ಲ. ನಾಲ್ಕು ಹೆಸರುಗಳ ತೋಟಕ್ಕೆ ಒಂದೇ ಹೆಸರಿನ ಒಡೆತನ ಹೊಂದುವುದಿಲ್ಲ. ನಮ್ಮ ಕೊರಗು ಬೇರೆ. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಬಾದಾಮಿ ಹಂಪಿಗಳಿಗೆ ಪ್ರವಾಸ ಹೋಗಿ ಬರುತ್ತಾರೆ, ಅಲ್ಲಿನ ಅರಸರ ಹೆಸರನ್ನು ಒಪ್ಪಿಸುತ್ತಾರೆ. ಮನೆಯಿಂದ ನಡೆದು ಮುಟ್ಟುವಷ್ಟು ಹತ್ತಿರವಿರುವ ಕೋಟೆಗೋಡೆಯಲ್ಲಿ ಹಳೆಯ ದೇಗುಲದ ಕಲ್ಲಿದೆಯೆಂದು ಅವರಿಗೆ ತೋರಿಸಿದವರು ಕಡಿಮೆ. ಸಂಘದ ಕಾರ್ಯಕರ್ತರೂ ಶಾಲೆಯ ಗುರುಗಳೂ ಮನಸ್ಸು ಮಾಡಿದರೆ ಒಂದು ಭಾನುವಾರದ ಮುಂಜಾನೆ ಸಾಕು. ಕೋಟೆಯ ಬಾಗಿಲಿನಿಂದ ಹೊರಟು, ಒಳಗಿನ ಅವಶೇಷಗಳನ್ನು ನೋಡಿ, ಬುರುಜಿನಿಂದ ಕೆರೆಯನ್ನು ಕಂಡು, ಗುಡಿಗೆ ಹೋಗಿ, ಉದ್ಯಾನದಲ್ಲಿ ಬುತ್ತಿ ಬಿಚ್ಚಿ, ಪ್ರತಿಮೆಗಳ ಬಳಿ ನಾಲ್ಕು ಹೆಸರು ಹೇಳಿಸಿ ಮನೆಗೆ ಬರಬಹುದು. ಇದಕ್ಕೆ ಮೋಟಾರೂ ಬೇಡ, ವಂತಿಗೆಯೂ ಬೇಡ.

ಭಾಷೆಯ ಗುರುತು ಬೇಕೆನ್ನುವವರು ಜನವರಿಯ ಜಾತ್ರೆಗೆ ಬರಬೇಕು. ಸಿದ್ಧರಾಮನನ್ನೇ ವರಿಸಬೇಕೆಂದು ಹಟ ಹಿಡಿದ ಕುಂಬಾರರ ಕನ್ಯೆಯನ್ನು ಆತನ ಯೋಗದಂಡಕ್ಕೆ ಮದುವೆ ಮಾಡಿದ ಕಥೆಯ ನೆನಪಿಗಾಗಿ ಏಳು ನಂದಿಧ್ವಜಗಳ ಮೆರವಣಿಗೆ ನಡೆಯುತ್ತದೆ. ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಎತ್ತರದ ಆ ಕೋಲುಗಳನ್ನು ಹೊತ್ತು ಬರುವ ನೋಟಕ್ಕೆ ಮೂರು ಭಾಷೆಯ ಜನ ದಾರಿಯ ಎರಡೂ ಬದಿಗೆ ನೆರೆಯುತ್ತಾರೆ. ಮರಾಠಿ ಪತ್ರಿಕೆಗಳು ಆ ದಿನಗಳಲ್ಲಿ ‘ಯಣ್ಣೀಮಜ್ಜನ’ ಎಂದು ಅಚ್ಚು ಹಾಕುತ್ತವೆ. ಅದು ನಮ್ಮ ಎಣ್ಣೆ ಮಜ್ಜನವೇ. ಅಕ್ಷತೆ ಬೀಳುವ ಜಾಗ ‘ಸಂಮತಿ ಕಟ್ಟಾ’, ಅದೂ ನಮ್ಮ ಕಟ್ಟೆಯೇ. ಧ್ವಜಗಳು ಹೊರಡುವ ವಾಡೆಯ ಹೆಸರು ಹಿರೇಹಬ್ಬು. ತಾವು ಆಡುತ್ತಿರುವುದು ಕನ್ನಡವೆಂಬ ಅರಿವಿಲ್ಲದೆಯೇ ಇಡೀ ಊರು ಆ ಮೂರು ನಾಲ್ಕು ದಿನ ಕನ್ನಡದ ಮಾತುಗಳನ್ನು ಬಳಸುತ್ತದೆ.

ಹುತಾತ್ಮರ ದಿನವೂ ಜಾತ್ರೆಯೂ ಬೆನ್ನಿಗೆ ಬೆನ್ನು ಕೂಡಿಸಿಕೊಂಡು ಬರುತ್ತವೆ. ಜನವರಿ 12ರಂದು ಪ್ರತಿಮೆಗಳಿಗೆ ಮಾಲೆ ಬೀಳುತ್ತದೆ. ಸಂಕ್ರಾಂತಿಯ ಹಿಂದಿನ ದಿನ ನಂದಿಧ್ವಜಗಳು ಅರುವತ್ತೆಂಟು ಲಿಂಗಗಳ ಎಣ್ಣೆ ಮಜ್ಜನಕ್ಕೆ ಹೊರಡುತ್ತವೆ. ಆ ವೇಳೆಗೆ ಹೋಮ್ ಮೈದಾನದಲ್ಲಿ ಅಂಗಡಿಗಳೂ ತೊಟ್ಟಿಲುಗಳೂ ಬಂದು ನಿಂತಿರುತ್ತವೆ, ಕೆರೆಯ ದಂಡೆಗೆ ದೀಪ ಹಚ್ಚಿರುತ್ತಾರೆ, ಉದ್ಯಾನದ ಹುಲ್ಲಿನ ಮೇಲೆ ಹಳ್ಳಿಗಳಿಂದ ಬಂದ ಕುಟುಂಬಗಳು ಜೋಳದ ರೊಟ್ಟಿಯ ಗಂಟು ಬಿಚ್ಚಿ ಕುಳಿತಿರುತ್ತವೆ.